ಪುಟ್ಟ ಕೀಲಿಮಣೆ, ಮೂರು ಲಿಪಿ: ನಿಮ್ಮ ಮನೆಗೆ ಯಾವ ವಿನ್ಯಾಸ?

ಅಡುಗೆ ಮನೆಗೆ ಒಂದು ಕುಕ್ಕರ್ ಕೊಳ್ಳುವಾಗ ನಾವು ಎಷ್ಟೆಲ್ಲ ವಿಚಾರಿಸುತ್ತೇವೆ! ಎಷ್ಟು ಲೀಟರ್, ಎಷ್ಟು ಜನರಿಗೆ ಸಾಕು, ಗ್ಯಾಸ್ಕೆಟ್ ಹೋದರೆ ನಮ್ಮೂರಲ್ಲೇ ಸಿಗುತ್ತದೆಯೇ ಎಂದೆಲ್ಲ ಕೇಳಿದ ಮೇಲೆಯೇ ಹಣ ಎಣಿಸುತ್ತೇವೆ. ಆದರೆ ಕಂಪ್ಯೂಟರಿನ ಕೀಲಿಮಣೆ ಕೊಳ್ಳುವಾಗ ಮಾತ್ರ ನಮ್ಮ ಪ್ರಶ್ನೆ ಎರಡೇ: ಬೆಲೆ ಎಷ್ಟು, ಬಣ್ಣ ಯಾವುದು. ಉಳಿದದ್ದನ್ನು ಮಗನಿಗೋ ಅಂಗಡಿಯವನಿಗೋ ಬಿಟ್ಟುಬಿಡುತ್ತೇವೆ.

ಈಗಂತೂ ಮಕ್ಕಳು ಇಷ್ಟಪಡುವುದು ಪುಟ್ಟ ಕೀಲಿಮಣೆಯನ್ನು. ಅಂಕಿಗಳ ಗುಂಪು ಇಲ್ಲ, ಮೇಲಿನ ಸಾಲು ಇಲ್ಲ, ಒಂದು ನೋಟ್‌ಬುಕ್‌ನಷ್ಟೇ ಅಗಲ. ಪ್ರತಿ ಕೀಲಿಗೂ ಬೇರೆ ಬೇರೆ ಸ್ವಿಚ್. ಒತ್ತಿದರೆ ಟಕ್ ಟಕ್ ಎಂಬ ಸದ್ದು. ಮೇಜಿನ ಮೇಲೆ ನೋಡಲು ಬಲು ಚಂದ. ಮಗ ಆಸೆಪಟ್ಟು ತರಿಸುತ್ತಾನೆ, ಇಂಗ್ಲಿಷ್ ಸರಾಗವಾಗಿ ಮೂಡುತ್ತದೆ. ಮರುದಿನ ಅವನ ಅಕ್ಕ ಕನ್ನಡದಲ್ಲಿ ಒಂದು ಅರ್ಜಿ ಬರೆಯಲು ಕೂತರೆ 'ಒ' ಅಕ್ಷರವೇ ಸಿಗುವುದಿಲ್ಲ! 'ಒಂದು' ಎಂದು ಬರೆಯಲಾಗುವುದಿಲ್ಲ, 'ಕೊಡಿ' ಎಂದು ಕೇಳಲಾಗುವುದಿಲ್ಲ. ಕೀಲಿಮಣೆ ಕೆಟ್ಟಿದೆ ಎಂದುಕೊಂಡು ಅವಳು ಎದ್ದು ಹೋಗುತ್ತಾಳೆ. ನಿಜಕ್ಕೂ ಕೆಟ್ಟಿರುವುದು ಕೀಲಿಮಣೆಯಲ್ಲ. ಅದನ್ನು ಆರಿಸಿದ ಕ್ರಮ.

ಓದುಗ ಸಹೋದರಿಯರೇ, ಇದು ಗಂಡುಮಕ್ಕಳ ಆಟಿಕೆಯ ವಿಷಯ ಎಂದು ಪುಟ ಮಗುಚಬೇಡಿ. ಮನೆಯಲ್ಲೇ ಕುಳಿತು ಡಿಟಿಪಿ ಮಾಡಿ ನಾಲ್ಕು ಕಾಸು ಸಂಪಾದಿಸಬೇಕೆಂಬ ತಂಗಿ, ಸರಕಾರಿ ಕೆಲಸಕ್ಕೆ ಅರ್ಜಿ ಹಾಕುವ ಮಗಳು, ಪತ್ರಿಕೆಗೆ ಒಂದು ಲೇಖನ ಬರೆಯಬೇಕೆಂಬ ನೀವು, ಇವರೆಲ್ಲರ ಬೆರಳು ಬೀಳುವುದು ಇದೇ ಕೀಲಿಗಳ ಮೇಲೆ. ಒಮ್ಮೆ ಬೆರಳಿಗೆ ರೂಢಿಯಾದ ವಿನ್ಯಾಸವನ್ನು ಬದಲಿಸುವುದು ಸುಲಭವಲ್ಲ. ಆದ್ದರಿಂದ ಕೀಲಿಮಣೆಗಿಂತ ಮೊದಲು ವಿನ್ಯಾಸವನ್ನು ಆರಿಸಬೇಕು. ಈ ಒಂದು ಮಾತನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಮೂರು ಲಿಪಿಯ ಮನೆ

ಬಳ್ಳಾರಿ ತಾಲ್ಲೂಕಿನ ಮೋಕದಂಥ ಊರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಗರಿ ನದಿಯ ಸೀಮೆ. ಆಂಧ್ರದ ಗಡಿ ದೂರವಿಲ್ಲ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಮುಂತಾದವು ಮೈಸೂರು ರಾಜ್ಯಕ್ಕೆ ಸೇರಿದವು. ನಕ್ಷೆಯ ಮೇಲೆ ಗೆರೆ ಬಿತ್ತು, ಆದರೆ ನೆಂಟಸ್ತಿಕೆಯ ಮೇಲೆ ಬೀಳಲಿಲ್ಲ. ಇಂದಿಗೂ ಆದೋನಿಯಿಂದ ಸೊಸೆ ತರುವವರಿದ್ದಾರೆ, ಅಲ್ಲಿಗೆ ಮಗಳನ್ನು ಕೊಡುವವರಿದ್ದಾರೆ.

ಇಂಥ ಸೀಮೆಯ ಒಂದು ಮುಸ್ಲಿಂ ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಮಾತು ದಖ್ಖನಿ ಉರ್ದು. ಮಕ್ಕಳ ಶಾಲೆ, ತಾಲ್ಲೂಕು ಕಚೇರಿ, ರೇಷನ್ ಕಾರ್ಡು ಎಲ್ಲ ಕನ್ನಡ. ಸಂತೆಯ ಮಾತಿನಲ್ಲೂ ಗಡಿಯಾಚೆಯ ವ್ಯಾಪಾರದಲ್ಲೂ ತೆಲುಗು. ದಾದಾ ಉರ್ದುವಿನಲ್ಲಿ ಬರೆದಿಟ್ಟ ಕಾಗದಗಳು ಟ್ರಂಕಿನಲ್ಲಿವೆ. ಮದುವೆಯ ಕರೆಯೋಲೆ ಮಾಡಿಸುವಾಗ ಒಂದು ಬದಿ ಉರ್ದು, ಇನ್ನೊಂದು ಬದಿ ಕನ್ನಡ ಬೇಕು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವವರಿಗೆ ಕೀಲಿಮಣೆಯ ಆಯ್ಕೆ ಕನ್ನಡ ಮತ್ತು ಇಂಗ್ಲಿಷಿನ ನಡುವಿನ ಮಾತು. ಇಲ್ಲಿ ಹಾಗಲ್ಲ. ಒಂದೇ ಪುಟ್ಟ ಹಲಗೆಯ ಮೇಲೆ ಇಂಗ್ಲಿಷಲ್ಲದೆ ಇನ್ನೂ ಮೂರು ಲಿಪಿಗಳು ಕೂರಬೇಕು.

ಮೇಲಿನ ಅಕ್ಷರ ಬರೀ ಬಣ್ಣ

ಮೊದಲು ಒಂದು ಗುಟ್ಟು ತಿಳಿದುಕೊಳ್ಳಿ. ನೀವು ಒಂದು ಕೀಲಿಯನ್ನು ಒತ್ತಿದಾಗ ಕೀಲಿಮಣೆ ಕಂಪ್ಯೂಟರಿಗೆ ಅಕ್ಷರವನ್ನು ಕಳಿಸುವುದಿಲ್ಲ. "ಇಂಥ ಜಾಗದ ಕೀಲಿ ಒತ್ತಲಾಗಿದೆ" ಎಂಬ ಒಂದು ಸಂಖ್ಯೆಯನ್ನು ಮಾತ್ರ ಕಳಿಸುತ್ತದೆ. ಆ ಜಾಗಕ್ಕೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಕಂಪ್ಯೂಟರಿನೊಳಗಿನ ವಿನ್ಯಾಸ. ಹಾಗಾಗಿ ಕೀಲಿಯ ಮೇಲೆ ಅಚ್ಚಾಗಿರುವ ಅಕ್ಷರ ಬರೀ ಬಣ್ಣ. ಅರಬಿ ಅಕ್ಷರವಿರುವ ಕೀಲಿಮಣೆಯಲ್ಲೂ ಕನ್ನಡ ಬರೆಯಬಹುದು. ಏನೂ ಅಚ್ಚಾಗದ ಕೀಲಿಮಣೆಯಲ್ಲೂ ಬರೆಯಬಹುದು.

ಹಾಗಾದರೆ ಕೊಳ್ಳುವಾಗ ನೋಡಬೇಕಾದದ್ದೇನು? ಅಚ್ಚಾದ ಅಕ್ಷರವನ್ನಲ್ಲ, ಎಷ್ಟು ಕೀಲಿಗಳಿವೆ, ಅವು ಎಲ್ಲೆಲ್ಲಿವೆ ಎಂಬುದನ್ನು. ಬಣ್ಣ ಬೇಕಾದರೆ ಮೇಲೆ ಸ್ಟಿಕ್ಕರ್ ಅಂಟಿಸಬಹುದು. ಇಲ್ಲದ ಕೀಲಿಯನ್ನು ಮಾತ್ರ ಅಂಟಿಸಲಾಗುವುದಿಲ್ಲ.

ಕನ್ನಡಕ್ಕೆ ಎರಡು ದಾರಿ

ಕನ್ನಡ ಬೆರಳಚ್ಚಿಗೆ ಇಂದು ಮುಖ್ಯವಾಗಿ ಎರಡು ವಿನ್ಯಾಸಗಳಿವೆ.

ಒಂದು, ಕೆ.ಪಿ. ರಾವ್ ಅವರದು. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪದ್ಮನಾಭ ರಾವ್, ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಮೊದಲ ದಿನಗಳಲ್ಲೇ ಶ್ರಮಿಸಿದವರು. ತಾವು ರೂಪಿಸಿದ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದೇ ಹೆಸರಿಟ್ಟರು. ಅವರ ವಿನ್ಯಾಸವನ್ನೇ ಆಧರಿಸಿ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಬಂತು. ರಾಜ್ಯ ಸರಕಾರದ ಕಚೇರಿಗಳಲ್ಲಿ ಅದೇ ಬಳಕೆಗೆ ಬಂತು. ಇದನ್ನು ಕಗಪ ವಿನ್ಯಾಸ ಎಂದೂ, ನುಡಿ ವಿನ್ಯಾಸ ಎಂದೂ ಕರೆಯುತ್ತಾರೆ.

ಇದರ ಜಾಣ್ಮೆ ನೋಡಿ. ಕನ್ನಡದಲ್ಲಿ 13 ಸ್ವರ, ಅನುಸ್ವಾರ ಮತ್ತು ವಿಸರ್ಗ 2, ವ್ಯಂಜನ 34, ಒಟ್ಟು 49. ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರ ಚಿಹ್ನೆಯೊಂದು ಸೇರಿದರೆ 50. ಇಂಗ್ಲಿಷಿನ 26 ಅಕ್ಷರದ ಕೀಲಿಗಳಿಗೆ ಶಿಫ್ಟ್ ಸೇರಿಸಿದರೆ ಸಿಗುವ ಸ್ಥಾನ 52. ಇಡೀ ಕನ್ನಡ ವರ್ಣಮಾಲೆ ಈ 26 ಕೀಲಿಗಳಲ್ಲೇ ಕೂತು, ಇನ್ನೂ 2 ಸ್ಥಾನ ಉಳಿಯುತ್ತದೆ! ಕೆ ಒತ್ತಿದರೆ ಕ, ಶಿಫ್ಟಿನೊಂದಿಗೆ ಖ. ಎ ಒತ್ತಿದರೆ ಅ, ಶಿಫ್ಟಿನೊಂದಿಗೆ ಆ. ವ್ಯಂಜನದ ನಂತರ ಸ್ವರ ಒತ್ತಿದರೆ ಅದೇ ಕಾಗುಣಿತವಾಗುತ್ತದೆ. ಉಚ್ಚಾರಕ್ಕೆ ಹೊಂದದವು ಕೆಲವೇ: ಟ ಬರುವುದು ಕ್ಯೂ ಕೀಲಿಯಲ್ಲಿ, ಡ ಬರುವುದು ಡಬ್ಲ್ಯು ಕೀಲಿಯಲ್ಲಿ, ಷ ಬರುವುದು ಎಕ್ಸ್ ಕೀಲಿಯಲ್ಲಿ, ಒತ್ತಕ್ಷರ ಕೊಡುವುದು ಎಫ್ ಕೀಲಿಯಲ್ಲಿ. ಅಮ್ಮ ಎಂದು ಬರೆಯಲು ಎ, ಎಂ, ಎಫ್, ಎಂ. ಒಂದು ವಾರದಲ್ಲಿ ಕೈಗೆ ಹತ್ತುತ್ತದೆ.

ಎರಡನೆಯದು ಇನ್‌ಸ್ಕ್ರಿಪ್ಟ್. ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಭಾರತದ ಭಾಷೆಗಳಿಗೆಲ್ಲ ಒಂದೇ ಎಂದು ರೂಪಿಸಿದ್ದು. 1991ರಲ್ಲಿ ಭಾರತೀಯ ಮಾನಕವಾಯಿತು. ಇದರಲ್ಲಿ ಸ್ವರಗಳಲ್ಲಿ ಹೆಚ್ಚಿನವು ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ. ಒಂದು ಕೈ ವ್ಯಂಜನ ಒತ್ತುವಾಗ ಇನ್ನೊಂದು ಕೈ ಸ್ವರಕ್ಕೆ ಸಿದ್ಧವಾಗಿರುತ್ತದೆ. ರೊಟ್ಟಿ ತಟ್ಟುವ ಎರಡು ಕೈಗಳ ಹಾಗೆ. ಅಲ್ಪಪ್ರಾಣ ನೇರವಾಗಿ, ಮಹಾಪ್ರಾಣ ಶಿಫ್ಟಿನೊಂದಿಗೆ. ಕಾಗುಣಿತದ ಚಿಹ್ನೆ ನೇರವಾಗಿ, ಪೂರ್ಣ ಸ್ವರ ಶಿಫ್ಟಿನೊಂದಿಗೆ. ಇಂಗ್ಲಿಷ್ ಅಕ್ಷರಕ್ಕೂ ಇದಕ್ಕೂ ಸಂಬಂಧವಿಲ್ಲದ ಕಾರಣ ಮೊದಲ ಒಂದು ತಿಂಗಳು ಕಷ್ಟ. ಆಮೇಲೆ ಬೆರಳು ತಾನಾಗಿ ಓಡುತ್ತದೆ.

ಇನ್‌ಸ್ಕ್ರಿಪ್ಟಿಗೆ ಇನ್ನೊಂದು ಅನುಕೂಲವಿದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಅದು ಒಳಗೇ ಇರುತ್ತದೆ. ಭಾಷೆಯ ಸೆಟ್ಟಿಂಗಿಗೆ ಹೋಗಿ ಕನ್ನಡ ಸೇರಿಸಿದರೆ ಸಾಕು. ಕಗಪಕ್ಕೆ ನುಡಿಯಂಥ ತಂತ್ರಾಂಶ ಹಾಕಿಕೊಳ್ಳಬೇಕು. ಲಿನಕ್ಸ್ ಬಳಸುವ ಮನೆಗಳಲ್ಲಿ ಮಾತ್ರ ಕಗಪವೂ ಒಳಗೇ ಸಿಗುತ್ತದೆ.

ಇವೆರಡರ ಹೊರತಾಗಿ, ಇಂಗ್ಲಿಷಿನಲ್ಲಿ ಬರೆದರೆ ಕನ್ನಡವಾಗುವ ವಿಧಾನವೂ ಇದೆ. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂದಾಗ ಪರದೇಶದಲ್ಲಿದ್ದ ಎಷ್ಟೋ ಕನ್ನಡಿಗರು ಮತ್ತೆ ಕನ್ನಡ ಬರೆಯತೊಡಗಿದ್ದು ಈ ವಿಧಾನದಿಂದಲೇ. 2022ರಲ್ಲಿ ತೀರಿಕೊಂಡ ಅವರ ಉಪಕಾರ ಸಣ್ಣದಲ್ಲ. ವಿಂಡೋಸಿನಲ್ಲೂ 2019ರಿಂದ ಇಂಥದ್ದೊಂದು ಬಂದಿದೆ. ಅಪರೂಪಕ್ಕೆ ಬರೆಯುವವರಿಗೆ ಇದು ಒಳ್ಳೆಯದೇ. ಆದರೆ ಕಲಿಯುವ ಮಕ್ಕಳಿಗೆ ಇದನ್ನೇ ಮೊದಲ ಪಾಠ ಮಾಡಬೇಡಿ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ, ಅದು ತೋರಿಸಿದ ಕನ್ನಡ ಪದವನ್ನು ಮುಟ್ಟಿ ಮುಂದೆ ಹೋಗುವ ಮಗು ಲ ಮತ್ತು ಳ, ನ ಮತ್ತು ಣ ಬೇರೆ ಎಂಬುದನ್ನು ಬೆರಳಿನಿಂದ ಕಲಿಯುವುದೇ ಇಲ್ಲ.

ಗಡಿಸೀಮೆಯ ಲೆಕ್ಕ ಬೇರೆ

ಈಗ ಮೋಕದ ಮನೆಗೆ ಮರಳೋಣ. ಕಗಪ ಕನ್ನಡಕ್ಕೆಂದೇ ಹೊಲಿದ ಅಂಗಿ. ಕನ್ನಡಕ್ಕೆ ಅಷ್ಟು ಚೆನ್ನಾಗಿ ಒಪ್ಪುವುದು ಮತ್ತೊಂದಿಲ್ಲ. ಆದರೆ ಗಡಿ ದಾಟಿದರೆ ಅದು ಜೊತೆಗೆ ಬರುವುದಿಲ್ಲ. ಇನ್‌ಸ್ಕ್ರಿಪ್ಟ್ ಬರುತ್ತದೆ. ಕನ್ನಡದ ಕ ಇರುವ ಕೀಲಿಯಲ್ಲೇ ತೆಲುಗಿನ ಕ, ಅಲ್ಲೇ ಹಿಂದಿಯ ಕ. ಕನ್ನಡದ ಇನ್‌ಸ್ಕ್ರಿಪ್ಟ್ ಕಲಿತ ಹುಡುಗಿ, ಲಿಪಿ ಓದಲು ಬಂದರೆ, ತೆಲುಗನ್ನು ಮತ್ತೆ ಕಲಿಯದೆ ಬೆರಳಚ್ಚು ಮಾಡಬಲ್ಲಳು. ಬಳ್ಳಾರಿಯಲ್ಲಿ ಡಿಟಿಪಿ ಮಾಡುವವಳಿಗೆ ಕನ್ನಡದ ಕರಪತ್ರ, ತೆಲುಗಿನ ಕರೆಯೋಲೆ, ಹಿಂದಿಯ ಅರ್ಜಿ ಮೂರನ್ನೂ ಒಂದೇ ಕೈ ಮಾಡಿಕೊಡುವುದೆಂದರೆ ಅದು ಸಣ್ಣ ಸಂಪಾದನೆಯಲ್ಲ.

ಇನ್ನೊಂದು ಕಡೆ, ಮಗಳ ಕಣ್ಣು ಸರಕಾರಿ ಕೆಲಸದ ಮೇಲಿದ್ದರೆ ಲೆಕ್ಕ ತಿರುಗುತ್ತದೆ. ರಾಜ್ಯ ಸರಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದ ನಿಯಮಗಳು 2012ರಲ್ಲಿ ಬಂದವು. ಕಚೇರಿಗಳಲ್ಲಿ ರೂಢಿಯಲ್ಲಿರುವುದು ನುಡಿ. ಇನ್‌ಸ್ಕ್ರಿಪ್ಟ್ ಕಲಿತು ಹೋದವಳು ಅಲ್ಲಿ ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕಾದೀತು. ಹಾಗಾಗಿ ಯಾವ ಹುದ್ದೆಗೆ ಅರ್ಜಿ ಹಾಕುತ್ತಾಳೋ ಅದರ ಅಧಿಸೂಚನೆಯಲ್ಲಿ ಯಾವ ವಿನ್ಯಾಸ ಕೇಳಿದ್ದಾರೆ ಎಂದು ಮೊದಲೇ ಓದಿ ನೋಡಿ.

ಪುಟ್ಟದು ಎಂದರೆ ಎಷ್ಟು ಪುಟ್ಟದು?

ಪೂರ್ಣ ಗಾತ್ರದ ಕೀಲಿಮಣೆಯಲ್ಲಿ 104 ಕೀಲಿಗಳಿರುತ್ತವೆ. ಬಲಗಡೆಯ ಅಂಕಿಗಳ ಗುಂಪನ್ನು ತೆಗೆದರೆ 87. ಇನ್ನೂ ಒತ್ತೊತ್ತಾಗಿ ಜೋಡಿಸಿದರೆ ಸುಮಾರು 84. ಇದನ್ನು ಅಂಗಡಿಯಲ್ಲಿ ಶೇ. 75 ಎನ್ನುತ್ತಾರೆ. ಮೇಲಿನ ಎಫ್1, ಎಫ್2 ಸಾಲನ್ನೂ ತೆಗೆದು ಬಾಣದ ಕೀಲಿಗಳನ್ನು ಉಳಿಸಿದರೆ ಶೇ. 65, ಅದರಲ್ಲಿ 67 ಅಥವಾ 68 ಕೀಲಿ. ಬಾಣಗಳೂ ಹೋದರೆ ಶೇ. 60; ಸಾಮಾನ್ಯವಾಗಿ 61 ಕೀಲಿ.

ಇಂಥ ಕಿರಿದಾದ ಕೀಲಿಮಣೆಗೆ ಹೆಸರು ತಂದುಕೊಟ್ಟವುಗಳಲ್ಲಿ ಜಪಾನಿನದೊಂದು ಪ್ರಸಿದ್ಧ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಯಿಚಿ ವಾಡಾ ಅವರ ಕಲ್ಪನೆಯಂತೆ ಪಿಎಫ್‌ಯು ಕಂಪೆನಿ 1996ರಲ್ಲಿ 'ಹ್ಯಾಪಿ ಹ್ಯಾಕಿಂಗ್' ಎಂಬ ಕೀಲಿಮಣೆಯನ್ನು ತಂದಿತು. ಅಮೆರಿಕದ ವಿನ್ಯಾಸದಲ್ಲಿ ಅದಕ್ಕೆ 60 ಕೀಲಿ. ಮುಂದೆ ಜಪಾನೀ ವಿನ್ಯಾಸದಲ್ಲಿ ಬಂದ ಅದೇ ಕೀಲಿಮಣೆಗೆ 69 ಕೀಲಿ. ಅವರ ಲಿಪಿಗೆ ಬೇಕಾದ ಹೆಚ್ಚಿನ ಕೀಲಿಗಳಿಗೆ ಜಾಗ ಮಾಡಲು ಸ್ಪೇಸ್ ಬಾರನ್ನೇ ಗಿಡ್ಡ ಮಾಡಬೇಕಾಯಿತು. ಸ್ವಂತ ಲಿಪಿಯುಳ್ಳ ಜನ ಪುಟ್ಟ ಕೀಲಿಮಣೆ ಕೊಳ್ಳುವಾಗ ಎಲ್ಲಿ ಬಿಟ್ಟುಕೊಡಬೇಕು, ಎಲ್ಲಿ ಬಿಡಬಾರದು ಎಂದು ಯೋಚಿಸಲೇಬೇಕು. ಜಪಾನಿನವರೂ ಯೋಚಿಸಿದರು, ನಾವೂ ಯೋಚಿಸಬೇಕು.

ಕನ್ನಡಕ್ಕೆ ಪೆಟ್ಟು ಬೀಳುವ ಜಾಗ ಇಲ್ಲಿದೆ. ಇನ್‌ಸ್ಕ್ರಿಪ್ಟಿನಲ್ಲಿ ಒ ಮತ್ತು ಅದರ ಕಾಗುಣಿತ ಇರುವುದು ಎಡ ಮೇಲ್ತುದಿಯಲ್ಲಿ, 1ರ ಪಕ್ಕದ ಕೀಲಿಯಲ್ಲಿ. ಶೇ. 60ರ ಕೀಲಿಮಣೆಗಳಲ್ಲಿ ಸಾಮಾನ್ಯವಾಗಿ ಆ ಜಾಗವನ್ನು ಎಸ್ಕೇಪ್ ಕೀಲಿ ಆಕ್ರಮಿಸಿರುತ್ತದೆ. ಮೂಲ ಕೀಲಿ ಬೇಕಾದರೆ ಎಫ್ಎನ್ ಎಂಬ ಇನ್ನೊಂದು ಕೀಲಿಯನ್ನು ಜೊತೆಗೆ ಒತ್ತಬೇಕು. ಶೇ. 65ರಲ್ಲೂ ಹಲವು ಕಡೆ ಇದೇ ಪಾಡು. ಹಿಂದಿಯವರಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಹಿಂದಿಯಲ್ಲಿ ಹ್ರಸ್ವ ಒಕಾರದ ಬಳಕೆಯಿಲ್ಲ. ಆದರೆ ಕನ್ನಡದಲ್ಲಿ ಒಲೆ, ಒಗ್ಗರಣೆ, ಕೊಡ, ತೊಟ್ಟಿಲು, ಸೊಸೆ ಎಲ್ಲಕ್ಕೂ ಅದು ಬೇಕು. ತೆಲುಗಿನಲ್ಲೂ ಬೇಕು. ಒಂದೊಂದು ಸಲವೂ ಎರಡು ಮೂರು ಕೀಲಿ ಒಟ್ಟಿಗೆ ಒತ್ತುವುದೆಂದರೆ, ಪ್ರತಿ ಒಗ್ಗರಣೆಗೂ ಸಾಸಿವೆ ತರಲು ಅಂಗಡಿಗೆ ಹೋದ ಹಾಗೆ.

ಒ ಒಂದೇ ಅಲ್ಲ. ಇನ್‌ಸ್ಕ್ರಿಪ್ಟಿನಲ್ಲಿ ಡ, ಞ, ಚ, ಟ, ಷ, ಯ ಇವೆಲ್ಲ ಇಂಗ್ಲಿಷ್ ಅಕ್ಷರಗಳ ಬಲಕ್ಕಿರುವ ಕಂಸ, ಅಲ್ಪವಿರಾಮ, ಓರೆಗೆರೆಗಳ ಕೀಲಿಗಳಲ್ಲಿವೆ. ಋ ಇರುವುದು ಸಮಚಿಹ್ನೆಯ ಕೀಲಿಯಲ್ಲಿ. ಕೆಲವು ಪುಟ್ಟ ಮಾದರಿಗಳಲ್ಲಿ ಬಾಣದ ಕೀಲಿಗೆ ಜಾಗ ಮಾಡಲು ಓರೆಗೆರೆಯ ಕೀಲಿಯನ್ನು ಸರಿಸಿರುತ್ತಾರೆ. ಆಗ ಹೋಗುವುದು ಯ. 'ಯಾರು', 'ಯಾಕೆ', 'ಯಾವಾಗ' ಎಂಬ ಪ್ರಶ್ನೆಗಳನ್ನೇ ಕೇಳಲಾಗದ ಕೀಲಿಮಣೆ!

ಕಗಪಕ್ಕೆ ಈ ಚಿಂತೆಯಿಲ್ಲ. 26 ಅಕ್ಷರ ಮತ್ತು ಶಿಫ್ಟ್ ಇದ್ದರೆ ಎಷ್ಟು ಪುಟ್ಟ ಹಲಗೆಯಲ್ಲಾದರೂ ಇಡೀ ಕನ್ನಡ ಇದೆ. ಆದ್ದರಿಂದ ನಿಯಮ ಸರಳ. ಕಗಪ ಬಳಸುವ ಮನೆಗೆ ಶೇ. 60 ಸಾಕು. ಇನ್‌ಸ್ಕ್ರಿಪ್ಟ್ ಬಳಸುವ ಮನೆಗೆ ಶೇ. 75ಕ್ಕಿಂತ ಕಡಿಮೆ ಬೇಡ. ಅದರಲ್ಲಿ ಎಸ್ಕೇಪ್ ಮೇಲಿನ ಸಾಲಿನಲ್ಲಿ ಬೇರೆ ಇರುವುದರಿಂದ ಒ ತನ್ನ ಜಾಗದಲ್ಲೇ ಉಳಿಯುತ್ತದೆ. ಕೀಲಿಗಳ ಕೆಲಸವನ್ನು ಅದಲು ಬದಲು ಮಾಡಿಕೊಳ್ಳಲು ಬರುವ ಕೀಲಿಮಣೆಗಳೂ ಇವೆ. ಅಂಥದ್ದಾದರೆ ಎಸ್ಕೇಪನ್ನು ಬೇರೆಡೆಗೆ ಕಳಿಸಿ ಒ ಅನ್ನು ಮರಳಿ ಕೂರಿಸಬಹುದು.

ದುಬೈಯಿಂದ ಬಂದ ಕೀಲಿಮಣೆ

ನಮ್ಮ ಎಷ್ಟೋ ಮನೆಗಳಿಗೆ ಕೀಲಿಮಣೆಯೂ ಲ್ಯಾಪ್‌ಟಾಪೂ ಬರುವುದು ಗಲ್ಫಿನಲ್ಲಿರುವ ಅಣ್ಣನ, ಮಾಮುವಿನ ಪೆಟ್ಟಿಗೆಯಲ್ಲಿ. ಅದರ ಮೇಲೆ ಅರಬಿ ಅಕ್ಷರವಿದ್ದರೆ ಹೆದರಬೇಡಿ. ಅದು ಬಣ್ಣ ಎಂದು ಆಗಲೇ ಹೇಳಿದ್ದೇನೆ. ನೋಡಬೇಕಾದ್ದು ಆಕಾರ.

ಭಾರತದಲ್ಲಿ ಸಾಮಾನ್ಯವಾಗಿ ಮಾರುವುದು ಅಮೆರಿಕದ ಆಕಾರ: ಎಂಟರ್ ಕೀಲಿ ಅಡ್ಡಕ್ಕೆ ಉದ್ದ, ಎಡಗಡೆಯ ಶಿಫ್ಟೂ ಉದ್ದ. ಯುರೋಪಿನ ಆಕಾರದಲ್ಲಿ ಎಂಟರ್ ಎರಡು ಸಾಲಿನಷ್ಟು ಎತ್ತರ. ಎಡ ಶಿಫ್ಟ್ ಗಿಡ್ಡ, ಅದಕ್ಕೂ ಜಡ್ ಕೀಲಿಗೂ ನಡುವೆ ಒಂದು ಹೆಚ್ಚಿನ ಕೀಲಿ. ಬ್ರಿಟನ್ನಿನ ವಿನ್ಯಾಸವಾದರೆ 3ರ ಮೇಲೆ ಪೌಂಡ್ ಗುರುತು ಅಚ್ಚಾಗಿರುತ್ತದೆ; ಇಮೇಲಿಗೆ ಬೇಕಾದ ಅಟ್ ಗುರುತಿಗೂ ಉದ್ಧರಣ ಚಿಹ್ನೆಗೂ ಜಾಗ ಅದಲು ಬದಲಾಗಿರುತ್ತದೆ.

ಇದರಿಂದ ಕನ್ನಡಕ್ಕೇನು? ಕಗಪದಲ್ಲಿ ದೀರ್ಘ ಸ್ವರಕ್ಕೆಲ್ಲ ಶಿಫ್ಟ್ ಬೇಕು. ಳ, ಣ, ಶ ಇವಕ್ಕೂ ಬೇಕು. 'ಬಳ್ಳಾರಿ' ಎಂಬ ಒಂದು ಪದದಲ್ಲೇ ಮೂರು ಸಲ. ಎಡ ಶಿಫ್ಟ್ ಗಿಡ್ಡವಾದರೆ ಕಿರುಬೆರಳು ತಪ್ಪಿ ಪಕ್ಕದ ಹೆಚ್ಚಿನ ಕೀಲಿಯ ಮೇಲೆ ಬೀಳುತ್ತದೆ, ಪದದ ನಡುವೆ ಬೇಡದ ಗೆರೆ ಮೂಡುತ್ತದೆ. ಪೂರ್ಣ ಗಾತ್ರದಲ್ಲೇ ಇದು ಕಿರಿಕಿರಿ. ಪುಟ್ಟ ಕೀಲಿಮಣೆಯಲ್ಲಿ ಇನ್ನಷ್ಟು. ಗಲ್ಫಿನಿಂದ ತರಿಸುವುದಾದರೆ "ಉದ್ದ ಎಡ ಶಿಫ್ಟ್ ಇರುವುದನ್ನೇ ತನ್ನಿ" ಎಂದು ಫೋನಿನಲ್ಲಿ ಹೇಳಿಬಿಡಿ. ಬಿಚ್ಚಿ ಹಾಕಬಹುದಾದ ಕೀಲಿಗಳ ಸೆಟ್ ಆಮೇಲೆ ಕೊಳ್ಳುವಾಗಲೂ ಇದೇ ಎಚ್ಚರ ಬೇಕು. ಒಂದು ಆಕಾರದ ಸೆಟ್ ಇನ್ನೊಂದು ಆಕಾರಕ್ಕೆ ಪೂರ್ತಿ ಕೂರುವುದಿಲ್ಲ.

ಉರ್ದುವಿಗೆ ಅರಬಿ ಕೀಲಿ ಸಾಲದು

ಅರಬಿ ಅಕ್ಷರವಿದೆಯಲ್ಲ, ಉರ್ದು ಅದರಲ್ಲೇ ಬರೆದರಾಯಿತು ಎಂದು ಅನೇಕರು ತಿಳಿಯುತ್ತಾರೆ. ಇಲ್ಲಿ ಎರಡು ತೊಡಕುಗಳಿವೆ.

ಒಂದು, ಅರಬಿಯ ಸಾಮಾನ್ಯ ವಿನ್ಯಾಸದಲ್ಲಿ ಉರ್ದುವಿನ ಪೇ, ಟೇ, ಚೇ, ಡಾಲ್, ಡೇ, ಗಾಫ್ ಅಕ್ಷರಗಳಿಲ್ಲ. ಪಾನಿ, ಚಾಯ್, ಘರ್ ಬರೆಯಲಾಗದ ಉರ್ದು ಎಂಥ ಉರ್ದು? ಎರಡನೆಯದು ಕಣ್ಣಿಗೆ ಕಾಣದ ತೊಡಕು. ಅರಬಿಯ ಕಾಫ್ ಮತ್ತು ಯೇ, ಉರ್ದುವಿನ ಕಾಫ್ ಮತ್ತು ಯೇ ನೋಡಲು ಹೆಚ್ಚುಕಡಿಮೆ ಒಂದೇ ಇದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಬೇರೆ ಬೇರೆ ಸಂಕೇತಗಳು. ಹೇ ಅಕ್ಷರದ ಕಥೆಯೂ ಅದೇ. ಅರಬಿ ವಿನ್ಯಾಸದಲ್ಲಿ 'ಕರೀಮ್' ಎಂದು ಬರೆದಿಟ್ಟು, ನಾಳೆ ಉರ್ದು ವಿನ್ಯಾಸದಲ್ಲಿ ಅದೇ ಹೆಸರನ್ನು ಹುಡುಕಿದರೆ ಸಿಗದೆ ಹೋಗಬಹುದು. ದಾದಾ ಬರೆದ ಕಾಗದಗಳನ್ನು ಕಂಪ್ಯೂಟರಿಗೆ ಏರಿಸಲು ಹೊರಟ ಮನೆಗೆ ಇದು ಸಣ್ಣ ಮಾತಲ್ಲ. ಅರ್ಧ ಹೆಸರುಗಳು ಇದ್ದೂ ಇಲ್ಲದಂತಾಗುತ್ತವೆ.

ಆದ್ದರಿಂದ ಉರ್ದುವಿಗೆ ಉರ್ದು ವಿನ್ಯಾಸವನ್ನೇ ಹಾಕಿಕೊಳ್ಳಿ. ಉಚ್ಚಾರಕ್ಕೆ ಹೊಂದುವ ಫೊನೆಟಿಕ್ ವಿನ್ಯಾಸ ಕಲಿಯಲು ಸುಲಭ: ಎ ಕೀಲಿಯಲ್ಲಿ ಅಲಿಫ್, ಬಿ ಕೀಲಿಯಲ್ಲಿ ಬೇ, ಪಿ ಕೀಲಿಯಲ್ಲಿ ಪೇ, ಶಿಫ್ಟಿನೊಂದಿಗೆ ಟಿ ಒತ್ತಿದರೆ ಟೇ. ಅರಬಿ ವಿನ್ಯಾಸದಲ್ಲಾದರೋ ಅಲಿಫ್ ಇರುವುದು ಎಚ್ ಕೀಲಿಯಲ್ಲಿ, ಬೇ ಇರುವುದು ಎಫ್ ಕೀಲಿಯಲ್ಲಿ. ಕಗಪ ಕಲಿತ ಕೈಗೆ ಉರ್ದು ಫೊನೆಟಿಕ್ ಬೇಗ ಹತ್ತುತ್ತದೆ; ಎರಡೂ ಉಚ್ಚಾರದ ದಾರಿಯಲ್ಲೇ ನಡೆಯುತ್ತವೆ.

ಕನ್ನಡದಲ್ಲಿ ನಮ್ಮ ಹೆಸರುಗಳನ್ನು ಬರೆಯುವಾಗಲೂ ಒಂದು ಸೂಕ್ಷ್ಮವಿದೆ. ಫ಼ಾತಿಮ, ಜ಼ುಬೇದ, ಜ಼ಕಾತ್ ಎಂಬಲ್ಲಿ ಅಕ್ಷರದ ಕೆಳಗೆ ಬರುವ ಎರಡು ಚುಕ್ಕಿಗೆ ನುಕ್ತ ಎನ್ನುತ್ತಾರೆ. ಕನ್ನಡದ ನುಕ್ತ 2003ರಲ್ಲಿ ಯೂನಿಕೋಡಿಗೆ ಸೇರಿತು. ನೀವು ಆರಿಸಿದ ವಿನ್ಯಾಸದಲ್ಲಿ ಅದಕ್ಕೆ ಕೀಲಿ ಇದೆಯೇ, ಎಲ್ಲಿದೆ ಎಂದು ಕೇಳಿಕೊಳ್ಳಿ. ಹಾಗೆಯೇ 'ಮೆಹ್‌ಬೂಬ್' ಎಂದು ಬಿಡಿಸಿ ಬರೆಯಬೇಕಾದಲ್ಲಿ 'ಮೆಹ್ಬೂಬ್' ಎಂದು ಒತ್ತಕ್ಷರವಾಗಿ ಅಂಟಿಕೊಳ್ಳದಂತೆ ತಡೆಯುವ ಚಿಹ್ನೆಯನ್ನೂ ಕಲಿಯಿರಿ. ಹೆಸರು ತಪ್ಪಾಗಿ ಅಚ್ಚಾದ ಒಂದು ಅಂಕಪಟ್ಟಿಯನ್ನು ತಿದ್ದಿಸಲು ಎಷ್ಟು ಕಚೇರಿ ಅಲೆಯಬೇಕೆಂಬುದು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಮಗಳು ರಾಜ್ಯದೊಳಗೆ ಸರಕಾರಿ ಕೆಲಸ, ಶಿಕ್ಷಕ ವೃತ್ತಿ, ಕಚೇರಿ ಕೆಲಸ ಬಯಸುವವಳಾದರೆ: ಕಗಪ, ಜೊತೆಗೆ ಉರ್ದು ಫೊನೆಟಿಕ್. ಉದ್ದ ಎಡ ಶಿಫ್ಟ್ ಇರುವ ಯಾವ ಪುಟ್ಟ ಕೀಲಿಮಣೆಯೂ ಆದೀತು.

ಗಡಿಯ ಎರಡೂ ಬದಿಯ ಕೆಲಸ, ಅನುವಾದ, ಹಲವು ಭಾಷೆಯ ಡಿಟಿಪಿ ಮಾಡುವವಳಾದರೆ: ಇನ್‌ಸ್ಕ್ರಿಪ್ಟ್. ಕೀಲಿಮಣೆ ಶೇ. 75 ಅಥವಾ ಅದಕ್ಕಿಂತ ದೊಡ್ಡದು.

ವಾರಕ್ಕೊಮ್ಮೆ ನಾಲ್ಕು ಸಾಲು ಬರೆಯುವ ಅಮ್ಮಿಗೆ: ಯಾವುದು ಮಗಳಿಗೋ ಅದೇ. ಒಂದೇ ಮನೆಯಲ್ಲಿ ಒಬ್ಬರಿಗೊಂದು ವಿನ್ಯಾಸವಾದರೆ ಯಾರೂ ಯಾರಿಗೂ ಹೇಳಿಕೊಡಲಾಗುವುದಿಲ್ಲ. ಮಗಳು ತಾಯಿಗೆ, ಅಕ್ಕ ತಮ್ಮನಿಗೆ ಕಲಿಸುವಂತಾದರೆ ಮಾತ್ರ ಮನೆಯಲ್ಲಿ ಬರವಣಿಗೆ ಉಳಿಯುತ್ತದೆ.

ಇನ್ನು ಅಂಕಿ ಅಂಶ ತುಂಬುವ, ಅಂಗಡಿಯ ಲೆಕ್ಕ ಬರೆಯುವ ಮನೆಯವರು ಪುಟ್ಟದರ ಆಸೆಯನ್ನೇ ಬಿಡಿ. ಬಲಗಡೆಯ ಅಂಕಿಗಳ ಗುಂಪು ಅವರ ಬಲಗೈ.

ಅಂಗಡಿಗೆ ಹೋಗುವಾಗ

ಒಂದು ಚೀಟಿಯಲ್ಲಿ ಈ ಪದಗಳನ್ನು ಬರೆದುಕೊಂಡು ಹೋಗಿ: ಒಲೆ, ಕೊಡ, ಯಾಕೆ, ಋಣ, ಷರತ್ತು, ಚಟ್ನಿ, ಬಳ್ಳಾರಿ, ಫ಼ಾತಿಮ. ಅಂಗಡಿಯ ಕಂಪ್ಯೂಟರಿಗೆ ಕೀಲಿಮಣೆ ಜೋಡಿಸಿ, ನಿಮ್ಮ ವಿನ್ಯಾಸದಲ್ಲಿ ಎಲ್ಲವನ್ನೂ ಬರೆದು ನೋಡಿ. ಎಫ್ಎನ್ ಮುಟ್ಟದೆ ಎಲ್ಲ ಮೂಡಿದರೆ ಅದು ಕನ್ನಡದ ಮನೆಗೆ ಯೋಗ್ಯ.

ಫೋನಿಗೆ ಜೋಡಿಸಲು ಕೊಳ್ಳುವುದಾದರೆ ನಿಮ್ಮ ಫೋನನ್ನೇ ಒಯ್ಯಿರಿ. ಪರದೆಯ ಮೇಲಿನ ಕನ್ನಡ ವಿನ್ಯಾಸ ಹೊರಗಿನ ಕೀಲಿಮಣೆಗೂ ಅನ್ವಯಿಸುತ್ತದೆ ಎಂಬ ಖಾತರಿ ಇಲ್ಲ. ಅಲ್ಲೇ ಬರೆದು ನೋಡಿಯೇ ಹಣ ಕೊಡಿ. ಆನ್‌ಲೈನಿನಲ್ಲಿ ತರಿಸುವವರು ಚಿತ್ರವನ್ನು ದೊಡ್ಡದು ಮಾಡಿ ಮೂರು ಜಾಗ ನೋಡಿ: 1ರ ಎಡಕ್ಕೆ ಏನಿದೆ, ಎಡ ಶಿಫ್ಟ್ ಎಷ್ಟು ಉದ್ದವಿದೆ, ಬಲ ಶಿಫ್ಟಿನ ಎಡಕ್ಕೆ ಓರೆಗೆರೆಯ ಕೀಲಿ ಇದೆಯೇ.

ಮನೆಗೆ ತಂದ ಮೇಲೆ ಸ್ಟಿಕ್ಕರ್ ಅಂಟಿಸುವ ಅವಸರ ಬೇಡ. ವಿನ್ಯಾಸದ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ಗೋಡೆಗೆ ಹಚ್ಚಿ. ಕೀಲಿ ನೋಡಿ ಕಲಿತವರು ಕೊನೆಯವರೆಗೂ ಕೀಲಿಯನ್ನೇ ನೋಡುತ್ತಾರೆ. ಗೋಡೆ ನೋಡಿ ಕಲಿತವರು ಕೆಲವೇ ವಾರಗಳಲ್ಲಿ ಗೋಡೆಯನ್ನೂ ಮರೆಯುತ್ತಾರೆ. ದಿನಕ್ಕೆ 20 ನಿಮಿಷ ಸಾಕು. ಮೊದಲ ವಾರ ಮನೆಯವರ ಹೆಸರು, ಎರಡನೆಯ ವಾರ ಅಡುಗೆಯ ಸಾಮಾನಿನ ಪಟ್ಟಿ, ಮೂರನೆಯ ವಾರ ತವರಿಗೊಂದು ಕಾಗದ. ಬರೆದದ್ದನ್ನು ಯೂನಿಕೋಡಿನಲ್ಲೇ ಉಳಿಸಿ. ಹಳೆಯ ಫಾಂಟುಗಳಲ್ಲಿ ಉಳಿಸಿದ ಕಡತ ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗೀಚುಗಳಾಗಿ ತೆರೆದುಕೊಳ್ಳುತ್ತದೆ.

ಪುಟ್ಟ ಕೀಲಿಮಣೆ ಕೊಳ್ಳುವುದು ತಪ್ಪಲ್ಲ. ಮೇಜಿನ ಜಾಗ ಉಳಿಯುತ್ತದೆ, ಮಕ್ಕಳಿಗೂ ಸಂತೋಷ. ಆದರೆ ಜಾಗ ಉಳಿಸಲು ಹೋಗಿ ನಾವು ಬಿಟ್ಟುಕೊಡುವುದು ಯಾವ ಕೀಲಿಯನ್ನು ಎಂಬುದು ಕೊಳ್ಳುವ ಮೊದಲೇ ಗೊತ್ತಿರಬೇಕು. ಆ ಕೀಲಿಯಲ್ಲಿ ಯಾರದೋ ಭಾಷೆಯ ಒಂದು ಅಕ್ಷರ ಕೂತಿರುತ್ತದೆ. ಅದು ನಿಮ್ಮ ಮಗಳ ಅಕ್ಷರವಾಗಿರದಂತೆ ನೋಡಿಕೊಳ್ಳಿ.